ನೆಲ ಸ್ಲಾತ್‌ಗಳ ಪಳೆಯುಳಿಕೆಯಿಂದ ಶಿಲಾಪದರದ ವಯಸ್ಸನ್ನು ನಿರ್ಧರಿಸುವ ಬಗೆ

ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು ಬದುಕುವ ಸ್ಲಾತ್‌ಗಳಲ್ಲಿ ಇಂದು ಉಳಿದಿರುವುದು ಎರಡೇ ಕುಲಗಳು. ಆದರೆ ಈ ಪ್ರಾಣಿವಂಶದ ಮೂರು ಕೋಟಿ ವರ್ಷಗಳಿಗೂ ಹೆಚ್ಚಿನ ಇತಿಹಾಸದಲ್ಲಿ ಬಹುಪಾಲು ಸದಸ್ಯರು ನೆಲದ ಮೇಲೆ ನಡೆದಾಡಿದವರು. ಅವುಗಳಲ್ಲಿ ಕುರಿಗಿಂತ ದೊಡ್ಡದಾಗಿರದ ಹಪಲಾಪ್ಸ್ ಇತ್ತು, ಆನೆಯ ತೂಕಕ್ಕೆ ಸಮನಾದ ಮೆಗಾಥೀರಿಯಂ ಕೂಡ ಇತ್ತು. ಕಾಲ ಸರಿದಂತೆ ಇವುಗಳ ಹಲ್ಲು, ಕೈ ಮತ್ತು ಗಾತ್ರಗಳು ಗುರುತಿಸಬಹುದಾದಷ್ಟು ಬದಲಾದವು. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಈ ಗುಂಪು ನಮಗೆ ತಿಳಿದಿರುವ ಕಾಲಘಟ್ಟಗಳಲ್ಲಿ ಉತ್ತರ ಅಮೆರಿಕಕ್ಕೂ ಹರಡಿತು. ಹೀಗಾಗಿ ಎರಡೂ ಖಂಡಗಳ ಭೂವಿಜ್ಞಾನಿಗಳು ಮಣ್ಣಿನ ಹಾಗೂ ಕಲ್ಲಿನ ಪದರಗಳ ವಯಸ್ಸನ್ನು ನಿರ್ಧರಿಸುವಾಗ ನೆಲ ಸ್ಲಾತ್‌ಗಳ ಮೂಳೆಗಳನ್ನು ಸಾಕ್ಷಿಗಳಾಗಿ ಬಳಸುತ್ತಾರೆ.

ಆ ಸಾಕ್ಷಿಯನ್ನು ಹೇಗೆ ಓದಬೇಕು, ಎಲ್ಲಿ ನಂಬಬೇಕು ಮತ್ತು ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸುವುದು ಈ ಲೇಖನದ ಉದ್ದೇಶ. ಭಾರತದಲ್ಲಿ ನೆಲ ಸ್ಲಾತ್‌ಗಳು ಎಂದೂ ಬದುಕಿರಲಿಲ್ಲ. ಆದರೂ ಶಿವಾಲಿಕ್ ಪದರಗಳಲ್ಲಿ ಹಿಪ್ಪೇರಿಯನ್ ಎಂಬ ಮೂರು ಗೊರಸಿನ ಕುದುರೆ ಮೊದಲು ಕಾಣಿಸಿಕೊಳ್ಳುವ ಮಟ್ಟವನ್ನು ಕಾಲದ ಗುರುತಾಗಿ ಬಳಸುವ ಕ್ರಮದ ಹಿಂದೆ ಇರುವುದು ಇದೇ ತರ್ಕ. ಭೂವಿಜ್ಞಾನ ಓದುವ ವಿದ್ಯಾರ್ಥಿಗೆ ಅಮೆರಿಕದ ಈ ಉದಾಹರಣೆ ಉಪಯುಕ್ತವಾಗುವುದು ಆ ಕಾರಣಕ್ಕಾಗಿ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸ್ಲಾತ್‌ನ ಮೂಳೆಯೊಂದು ತಾನಾಗಿಯೇ ಇಂತಿಷ್ಟು ವರ್ಷ ಎಂಬ ಸಂಖ್ಯೆಯನ್ನು ಕೊಡುವುದಿಲ್ಲ. ಈ ಪದರ ಇದಕ್ಕಿಂತ ಹಳೆಯದಲ್ಲ, ಅದಕ್ಕಿಂತ ಹೊಸದೂ ಅಲ್ಲ ಎಂಬ ಎರಡು ಎಲ್ಲೆಗಳನ್ನು ಮಾತ್ರ ಅದು ಕೊಡುತ್ತದೆ. ಮುಂದಿನ ಎಲ್ಲ ಹೆಜ್ಜೆಗಳೂ ಈ ಎರಡು ಎಲ್ಲೆಗಳನ್ನು ಪ್ರಾಮಾಣಿಕವಾಗಿ ಹತ್ತಿರ ತರುವ ಕೆಲಸಕ್ಕೆ ಸಂಬಂಧಿಸಿವೆ.

ಮೊದಲ ಹೆಜ್ಜೆ: ಮೂಳೆಗಿಂತ ಮೊದಲು ಪದರವನ್ನು ದಾಖಲಿಸಿ

ಮೂಳೆ ಕಣ್ಣಿಗೆ ಬಿದ್ದೊಡನೆ ಅದನ್ನು ಎತ್ತಿಕೊಳ್ಳುವ ಆಸೆ ಯಾರಿಗಾದರೂ ಸಹಜ. ಆದರೆ ಎತ್ತುವ ಮೊದಲು ಆ ಸ್ಥಳದ ಪದರಗಳ ನಕ್ಷೆಯನ್ನು ಬರೆದುಕೊಳ್ಳಬೇಕು. ಕೆಳಗಿನಿಂದ ಮೇಲಕ್ಕೆ ಪ್ರತಿಯೊಂದು ಪದರದ ದಪ್ಪ, ಬಣ್ಣ, ಕಣಗಳ ಗಾತ್ರ, ಎರಡು ಪದರಗಳ ನಡುವಿನ ಗಡಿ ಸರಾಗವಾಗಿದೆಯೋ ಕೊರೆದಂತಿದೆಯೋ ಎಂಬ ವಿವರ, ಜ್ವಾಲಾಮುಖಿ ಬೂದಿಯ ತೆಳುವಾದ ಎಳೆಯೇನಾದರೂ ಇದೆಯೇ ಎಂಬ ಅಂಶ, ಮೂಳೆ ಯಾವ ಪದರದಲ್ಲಿ ತಳದಿಂದ ಎಷ್ಟು ಸೆಂಟಿಮೀಟರ್ ಎತ್ತರದಲ್ಲಿದೆ ಎಂಬ ಅಳತೆ, ಇಷ್ಟೂ ಬರಹದಲ್ಲಿ ಇರಬೇಕು. ಗಡಿ ಕೊರೆದಂತಿದ್ದರೆ, ಮೇಲಿನ ಪದರ ಸಂಚಯಗೊಳ್ಳುವ ಮೊದಲು ಕೆಳಗಿನ ಪದರದ ಒಂದಷ್ಟು ಭಾಗ ಸವೆದುಹೋಗಿದೆ ಎಂದು ತಿಳಿಯಬೇಕು. ಆ ಗೆರೆಯಲ್ಲಿ ಲಕ್ಷಾಂತರ ವರ್ಷಗಳು ಕಾಣೆಯಾಗಿರಬಹುದು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪದರದ ಗುರುತಿಲ್ಲದ ಮೂಳೆ ಅಂಗರಚನೆಯ ಅಧ್ಯಯನಕ್ಕೆ ಎಷ್ಟೇ ಬೆಲೆಯುಳ್ಳದ್ದಾದರೂ ಕಾಲನಿರ್ಣಯಕ್ಕೆ ಅಷ್ಟಾಗಿ ಒದಗುವುದಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಅರ್ಜೆಂಟೀನಾದ ಲುಹಾನ್ ನದಿಯ ದಡದಲ್ಲಿ ಸಿಕ್ಕ ಭಾರಿ ಅಸ್ಥಿಪಂಜರವನ್ನು ಮ್ಯಾಡ್ರಿಡ್‌ಗೆ ಸಾಗಿಸಿ ಅಲ್ಲಿ ಜೋಡಿಸಿ ನಿಲ್ಲಿಸಲಾಯಿತು. ಅದರ ಚಿತ್ರಗಳನ್ನು ಆಧರಿಸಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಜಾರ್ಜ್ ಕ್ಯೂವಿಯೆ 1796ರಲ್ಲಿ ಅದಕ್ಕೆ ಮೆಗಾಥೀರಿಯಂ ಎಂಬ ಹೆಸರಿಟ್ಟು, ಅದು ಸ್ಲಾತ್‌ಗಳ ಬಂಧು ಎಂದು ತೋರಿಸಿದ. ಒಂದು ಮಹಾಪ್ರಾಣಿ ಭೂಮಿಯಿಂದ ಅಳಿದುಹೋಗಿದೆ ಎಂಬ ವಾದಕ್ಕೆ ಅದು ದೊಡ್ಡ ಬಲ ಕೊಟ್ಟಿತು. ಆದರೆ ಅದೇ ನದೀತೀರದ ಪದರಗಳನ್ನು ಕಾಲಾನುಕ್ರಮವಾಗಿ ವಿಂಗಡಿಸುವ ಕೆಲಸಕ್ಕೆ ಮತ್ತೆ ಹೊಸದಾಗಿ ದಡಕ್ಕೇ ಹೋಗಿ ನಿಲ್ಲಬೇಕಾಯಿತು.

ಎರಡನೆಯ ಹೆಜ್ಜೆ: ಮೂಳೆ ಆ ಪದರದ್ದೇ ಎಂದು ಖಚಿತಪಡಿಸಿಕೊಳ್ಳಿ

ನದಿಗಳು ಹಳೆಯ ದಡವನ್ನು ಕೊರೆದು ಅದರೊಳಗಿನ ಮೂಳೆಗಳನ್ನು ಹೊಸ ಮರಳಿನಲ್ಲಿ ತಂದು ಹಾಕುತ್ತವೆ. ಹಾಗೆ ಬಂದ ಮೂಳೆ ತಾನು ಸಿಕ್ಕ ಪದರಕ್ಕಿಂತ ಹಳೆಯದಾಗಿರುತ್ತದೆ. ಅದನ್ನು ನಂಬಿ ವಯಸ್ಸು ಹೇಳಿದರೆ ಪದರವನ್ನು ಅನ್ಯಾಯವಾಗಿ ಮುದಿಯಾಗಿಸಿದಂತಾಗುತ್ತದೆ. ಅಂಚುಗಳು ಉರುಟಾಗಿ ಸವೆದಿವೆಯೇ, ಮೂಳೆಯ ಬಿರುಕುಗಳಲ್ಲಿ ಸುತ್ತಲಿನ ಮಣ್ಣಿಗಿಂತ ಬೇರೆ ಬಣ್ಣದ ಮಣ್ಣು ಗಟ್ಟಿಯಾಗಿ ಕೂತಿದೆಯೇ, ಒಂದೇ ಪದರದ ಮೂಳೆಗಳಲ್ಲಿ ಕೆಲವು ಕಪ್ಪಾಗಿ ಖನಿಜೀಕರಣಗೊಂಡು ಉಳಿದವು ತಿಳಿಬಣ್ಣದಲ್ಲಿವೆಯೇ ಎಂಬುದನ್ನು ಗಮನಿಸಬೇಕು. ಪ್ರಯೋಗಾಲಯದ ಸೌಲಭ್ಯವಿದ್ದರೆ, ಹೂತ ನಂತರ ಮೂಳೆ ಹೀರಿಕೊಂಡ ವಿರಳ ಭಸ್ಮ ಧಾತುಗಳ ಪ್ರಮಾಣವನ್ನು ಹೋಲಿಸಿ ನೋಡಬಹುದು, ಏಕೆಂದರೆ ಒಂದೇ ಕಡೆ ಒಂದೇ ಕಾಲದಲ್ಲಿ ಹೂತ ಮೂಳೆಗಳಲ್ಲಿ ಆ ಧಾತುಗಳ ವಿನ್ಯಾಸ ಸಾಮಾನ್ಯವಾಗಿ ಒಂದನ್ನೊಂದು ಹೋಲುತ್ತದೆ.

ಎಲ್ಲಕ್ಕಿಂತ ಬಲವಾದ ಸಾಕ್ಷಿಯೆಂದರೆ ಮೂಳೆಗಳು ದೇಹದಲ್ಲಿ ಇದ್ದ ಕ್ರಮದಲ್ಲೇ ಸಿಗುವುದು. ಚಾರ್ಲ್ಸ್ ಡಾರ್ವಿನ್ 1830ರ ದಶಕದ ಆರಂಭದಲ್ಲಿ ಅರ್ಜೆಂಟೀನಾದ ಬಾಯಿಯಾ ಬ್ಲಾಂಕಾ ಬಳಿಯ ಪುಂತಾ ಆಲ್ತಾದಲ್ಲಿ ಅಗೆದಾಗ ಸ್ಕೆಲಿಡೋಥೀರಿಯಂ ಎಂಬ ನೆಲ ಸ್ಲಾತ್‌ನ ಅಸ್ಥಿಪಂಜರ ಸಿಕ್ಕಿತು. ಅದರ ಮೂಳೆಗಳು, ಮಂಡಿಚಿಪ್ಪು ಕೂಡ, ಬಹುಮಟ್ಟಿಗೆ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಮಂಡಿಚಿಪ್ಪು ಎಷ್ಟು ಸುಲಭವಾಗಿ ಕಳಚಿಕೊಳ್ಳುವ ಮೂಳೆ ಎಂದು ನೆನೆದರೆ ಈ ವಿವರದ ತೂಕ ಅರ್ಥವಾಗುತ್ತದೆ. ಸ್ನಾಯುರಜ್ಜುಗಳು ಇನ್ನೂ ಹಿಡಿದುಕೊಂಡಿದ್ದಾಗಲೇ ಆ ದೇಹ ಜಲ್ಲಿಯಲ್ಲಿ ಹೂತಿರಬೇಕು, ಹಳೆಯ ಪದರದಿಂದ ತೊಳೆದು ಬಂದಿರುವ ಸಾಧ್ಯತೆಯಿಲ್ಲ. ಅದೇ ಸ್ಥಳದ ಚಿಪ್ಪುಗಳಲ್ಲಿ ಹೆಚ್ಚಿನವು ಇಂದಿಗೂ ಬದುಕಿರುವ ಜಾತಿಗಳವು ಎಂಬುದನ್ನು ಕಂಡು, ಈ ಮಹಾಪ್ರಾಣಿಗಳು ಭೂವೈಜ್ಞಾನಿಕವಾಗಿ ತೀರ ಈಚಿನವು ಎಂಬ ತೀರ್ಮಾನಕ್ಕೆ ಡಾರ್ವಿನ್ ಬಂದ. ಒಂದೂ ಸಂಖ್ಯೆಯಿಲ್ಲದೆ, ಮೂಳೆ ಮತ್ತು ಚಿಪ್ಪನ್ನು ಒಟ್ಟಿಗೆ ಓದಿ ಕಂಡುಕೊಂಡ ಈ ತೀರ್ಮಾನ ಇಂದಿಗೂ ನಿಂತಿದೆ.

ಮೂರನೆಯ ಹೆಜ್ಜೆ: ಹಲ್ಲಿನಿಂದ ಗುರುತಿಸಿ, ಉಗುರಿನಿಂದಲ್ಲ

ಸ್ಲಾತ್‌ನ ಹಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದವರು ಅದನ್ನು ಮತ್ತೆ ಮರೆಯುವುದಿಲ್ಲ. ಹಸು, ಕುದುರೆ, ಮನುಷ್ಯ ಇವರ ಹಲ್ಲಿಗೆ ಇರುವ ಹೊಳೆಯುವ ದಂತಕವಚ ಇದಕ್ಕೆ ಇಲ್ಲವೇ ಇಲ್ಲ. ನೋಡುವುದಕ್ಕೆ ಅದು ಬೇರಿಲ್ಲದ ಒಂದು ಗೂಟ; ಬುಡ ತೆರೆದಿದ್ದು, ಪ್ರಾಣಿ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವಂಥದ್ದು. ಮುರಿದ ಹಲ್ಲಿನ ಅಡ್ಡಸೀಳಿನಲ್ಲಿ ಮೂರು ವಲಯಗಳು ಕಾಣುತ್ತವೆ. ಹೊರಗೆ ಸಿಮೆಂಟಮ್ ಎಂಬ ಹೊದಿಕೆ, ಅದರೊಳಗೆ ಗಟ್ಟಿಯಾದ ದಂತದ್ರವ್ಯದ ತೆಳುವಾದ ಉಂಗುರ, ನಡುವೆ ಸೂಕ್ಷ್ಮ ರಕ್ತನಾಳಗಳ ದಾರಿಗಳಿರುವ ಮೃದುವಾದ ದಂತದ್ರವ್ಯ. ಮೆತ್ತಗಿನ ನಡುಭಾಗ ಬೇಗ ಸವೆದು ಗಟ್ಟಿ ಉಂಗುರ ಎದ್ದು ನಿಲ್ಲುವುದರಿಂದಲೇ ಈ ಹಲ್ಲು ಎಲೆ ಹುಲ್ಲುಗಳನ್ನು ಕತ್ತರಿಸುತ್ತಿತ್ತು.

ಆ ಹಲ್ಲಿನ ಅಡ್ಡಸೀಳಿನ ಆಕಾರ ಕುಟುಂಬವನ್ನು ಹೇಳುತ್ತದೆ. ಚೌಕಾಕಾರವಾಗಿದ್ದು ಮೇಲ್ಮೈಯಲ್ಲಿ ಎರಡು ಅಡ್ಡ ಏಣುಗಳಿದ್ದರೆ ಅದು ಮೆಗಾಥೀರಿಯಂ ಕುಟುಂಬದ ಕಡೆಗೆ ಬೆರಳು ತೋರುತ್ತದೆ. ಹಾಲೆಗಳಂತೆ ಉಬ್ಬು ತಗ್ಗುಗಳಿದ್ದು, ಮುಖ್ಯವಾಗಿ ಕೆಳದವಡೆಯ ಕೊನೆಯ ಹಲ್ಲು ಎರಡು ಹಾಲೆಗಳಾಗಿ ನಡುವೆ ಸಣ್ಣಗಾಗಿದ್ದರೆ ಮೈಲೊಡಾನ್ ಕುಟುಂಬ ಎನ್ನಬಹುದು. ಮೆಗಲೋನಿಕ್ಸ್ ಎಂಬ ಕುಲದಲ್ಲಿ ಮುಂದಿನ ಹಲ್ಲು ಕೋರೆಯಂತೆ ಬೆಳೆದು ಉಳಿದ ಹಲ್ಲುಗಳಿಂದ ದೂರ ನಿಲ್ಲುತ್ತದೆ. ನೊಥ್ರೊಥೀರಿಯಾಪ್ಸ್ ಎಂಬ ಇನ್ನೊಂದು ಕುಲದಲ್ಲಿ ಆ ಕೋರೆಯೇ ಇಲ್ಲ. ಮೇಲೆ ಪ್ರತಿ ಬದಿಗೆ ನಾಲ್ಕು, ಕೆಳಗೆ ಮೂರು ಹಲ್ಲುಗಳಷ್ಟೇ.

ಮೈಲೊಡಾನ್ ಗುಂಪಿನ ಕೆಲವು ಸ್ಲಾತ್‌ಗಳ ಚರ್ಮದೊಳಗೆ ಹುಣಸೆ ಬೀಜದಂತಹ ಸಣ್ಣ ಮೂಳೆಗಳು ಒತ್ತೊತ್ತಾಗಿ ಹರಡಿದ್ದವು. 1895ರಲ್ಲಿ ಚಿಲಿಯ ಉಲ್ತಿಮಾ ಎಸ್ಪೆರಾನ್ಸಾ ಪ್ರದೇಶದ ಗುಹೆಯೊಂದರಲ್ಲಿ, ಕೂದಲಿನ ಸಮೇತ ಒಣಗಿ ಉಳಿದ ಮೈಲೊಡಾನ್ ಚರ್ಮ ಸಿಕ್ಕಾಗ ಈ ಮೂಳೆಗಳು ಅದರ ಒಳಬದಿಯಲ್ಲಿ ಸಾಲಾಗಿ ಕಂಡವು. ಮಣ್ಣನ್ನು ಜರಡಿ ಹಿಡಿಯುವಾಗ ಇವನ್ನು ಬೆಣಚುಕಲ್ಲೆಂದು ಎಸೆದುಬಿಡುವ ಸಂಭವ ಹೆಚ್ಚು. ಆರ್ಮಡಿಲೊ ಹಾಗೂ ಅದರ ಅಳಿದುಹೋದ ಬಂಧುವಾದ ಗ್ಲಿಪ್ಟೊಡಾನ್‌ಗಳ ಕವಚದ ಬಿಲ್ಲೆಗಳ ಮೇಲೆ ಕೆತ್ತಿದಂತಹ ವಿನ್ಯಾಸವಿರುತ್ತದೆ, ಸ್ಲಾತ್‌ನವು ನಿಶ್ಚಿತ ಆಕಾರವಿಲ್ಲದ ಹರಳುಗಳಂತಿರುತ್ತವೆ. ಈ ವ್ಯತ್ಯಾಸವನ್ನು ಕೈಗೆ ಪರಿಚಯ ಮಾಡಿಸಿಕೊಂಡರೆ ಅಸ್ಥಿಪಂಜರವೇ ಇಲ್ಲದ ಪದರದಲ್ಲೂ ಸ್ಲಾತ್ ಇತ್ತೆಂದು ಹೇಳಲು ಸಾಧ್ಯವಾಗುತ್ತದೆ.

ಉಗುರಿನ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ವರ್ಜೀನಿಯಾದ ಪಶ್ಚಿಮ ಭಾಗದ ಗುಹೆಯೊಂದರಲ್ಲಿ ಸಿಕ್ಕ ದೊಡ್ಡ ಉಗುರಿನ ಮೂಳೆಗಳನ್ನು ನೋಡಿ ಥಾಮಸ್ ಜೆಫರ್ಸನ್ 1797ರಲ್ಲಿ ಅದನ್ನು ಸಿಂಹದಂತಹ ಬೇಟೆಗಾರ ಪ್ರಾಣಿಯೆಂದು ಭಾವಿಸಿ, ಮಹಾನಖ ಎಂಬ ಅರ್ಥದ ಮೆಗಲೋನಿಕ್ಸ್ ಎಂಬ ಹೆಸರು ಕೊಟ್ಟರು. ಅದು ಸ್ಲಾತ್‌ಗೆ ಹತ್ತಿರದ್ದೆಂದು ಎರಡು ವರ್ಷಗಳ ನಂತರ ಕ್ಯಾಸ್ಪರ್ ವಿಸ್ಟರ್ ತೋರಿಸಿಕೊಟ್ಟರು. ಇದರ ತದ್ವಿರುದ್ಧ ತಪ್ಪು ನಮ್ಮ ದರೋಜಿಯ ಕರಡಿಯ ವಿಷಯದಲ್ಲಿ ನಡೆದಿದೆ. ಉದ್ದನೆಯ ಉಗುರುಗಳನ್ನು ಕಂಡ ಜಾರ್ಜ್ ಶಾ 1791ರಲ್ಲಿ ಅದನ್ನು ಸ್ಲಾತ್‌ಗಳ ಕುಲಕ್ಕೇ ಸೇರಿಸಿದ್ದರು, ಇಂಗ್ಲಿಷಿನಲ್ಲಿ ಅದಕ್ಕೆ ಸ್ಲಾತ್ ಬೇರ್ ಎಂಬ ಹೆಸರು ಉಳಿದಿರುವುದು ಆ ಗೊಂದಲದಿಂದಲೇ. ಉಗುರು ಜೀವನಕ್ರಮವನ್ನು ತೋರಿಸುತ್ತದೆ, ವಂಶವನ್ನು ತಿಳಿಯಲು ಹಲ್ಲು, ತಲೆಬುರುಡೆ ಮತ್ತು ಹಿಮ್ಮಡಿಯ ಕೀಲುಮೂಳೆಗಳನ್ನೇ ನೋಡಬೇಕು.

ನಾಲ್ಕನೆಯ ಹೆಜ್ಜೆ: ಎಷ್ಟು ಗೊತ್ತೋ ಅಷ್ಟೇ ಹೆಸರು ಕೊಡಿ

ಕುಟುಂಬದ ಮಟ್ಟಕ್ಕೆ ಗುರುತಿಸಿದರೆ ಸಿಗುವ ಕಾಲಾವಧಿ ಕೋಟಿಗಟ್ಟಲೆ ವರ್ಷಗಳಷ್ಟು ವಿಸ್ತಾರವಾಗಿರುತ್ತದೆ. ಕುಲದ ಮಟ್ಟದಲ್ಲಿ ಅದು ಕಿರಿದಾಗುತ್ತದೆ, ಪ್ರಭೇದದ ಮಟ್ಟದಲ್ಲಿ ಮತ್ತಷ್ಟು ಕಿರಿದಾಗುತ್ತದೆ. ಆದ್ದರಿಂದ ಪ್ರಭೇದದ ಹೆಸರು ಹೇಳುವ ಸೆಳೆತ ಬಲವಾಗಿರುತ್ತದೆ. ಪಟಗೋನಿಯಾದ ಸಾಂತಾ ಕ್ರೂಸ್ ಪದರಗಳಿಂದ ಬಂದ ಹಪಲಾಪ್ಸ್ ಕುಲದಲ್ಲಿ ಹಿಂದಿನ ವಿದ್ವಾಂಸರು ಚಿಕ್ಕಪುಟ್ಟ ವ್ಯತ್ಯಾಸಗಳಿಗೂ ಹೊಸ ಹೆಸರಿಟ್ಟು ಹತ್ತಾರು ಪ್ರಭೇದಗಳನ್ನು ಮಾಡಿದ್ದರು. ಅವುಗಳಲ್ಲಿ ಹಲವು ಒಂದೇ ಪ್ರಾಣಿಯ ವಯಸ್ಸಿನ ಅಥವಾ ಗಂಡುಹೆಣ್ಣಿನ ವ್ಯತ್ಯಾಸಗಳಾಗಿರಬಹುದು. ಹಳೆಯ ಪಟ್ಟಿಯ ಹೆಸರನ್ನು ಹಾಗೇ ಎತ್ತಿಕೊಂಡು ಪದರಗಳನ್ನು ವಿಂಗಡಿಸಿದರೆ ಇಲ್ಲದ ಗಡಿಗಳು ಹುಟ್ಟಿಕೊಳ್ಳುತ್ತವೆ. ಹಪಲಾಪ್ಸ್ ಎಂದಷ್ಟೇ ಬರೆದು, ಸಾಂತಾ ಕ್ರೂಸ್‌ನ ಬೂದಿಯ ಪದರಗಳಿಂದ ದೊರೆತಿರುವ ಸುಮಾರು 1.8 ರಿಂದ 1.6 ಕೋಟಿ ವರ್ಷಗಳ ವಯಸ್ಸಿನ ಜೊತೆ ಹೋಲಿಸುವುದು, ಅಳುಕುತ್ತಾ ಪ್ರಭೇದದ ಹೆಸರು ಹೇಳುವುದಕ್ಕಿಂತ ಎಷ್ಟೋ ಮೇಲು.

ಐದನೆಯ ಹೆಜ್ಜೆ: ಮೊದಲು ಕಾಣಿಸಿಕೊಂಡ ಮತ್ತು ಕೊನೆಯದಾಗಿ ಕಾಣಿಸಿಕೊಂಡ ಮಟ್ಟಗಳನ್ನು ಹುಡುಕಿ

ಒಂದು ಕುಲ ಅಥವಾ ಪ್ರಭೇದ ಆ ಪ್ರದೇಶದಲ್ಲಿ ಮೊದಲು ಯಾವ ಮಟ್ಟದಲ್ಲಿ ಕಾಣಿಸಿಕೊಂಡಿತು, ಕೊನೆಯದಾಗಿ ಯಾವ ಮಟ್ಟದಲ್ಲಿ ಉಳಿದಿತ್ತು ಎಂಬುದನ್ನು ಪ್ರಕಟಿತ ದಾಖಲೆಗಳಿಂದ ತೆಗೆದುಕೊಳ್ಳಬೇಕು. ಉತ್ತರ ಅಮೆರಿಕ ಇದಕ್ಕೆ ಅತ್ಯಂತ ಒಳ್ಳೆಯ ಪಾಠಶಾಲೆ. ಪನಾಮಾದ ಭೂಸಂಧಿ ಪೂರ್ತಿಯಾಗಿ ಮೇಲೇಳುವ ಎಷ್ಟೋ ಮೊದಲೇ, ಸುಮಾರು 90 ಲಕ್ಷ ವರ್ಷಗಳ ಹಿಂದೆ, ಎರಡು ಬಗೆಯ ಸ್ಲಾತ್‌ಗಳು ಸಮುದ್ರದ ಅಡೆತಡೆಯನ್ನು ದಾಟಿ ಅಲ್ಲಿಗೆ ತಲುಪಿದ್ದವು. ಪ್ಲಿಯೊಮೆಟನ್ಯಾಸ್ಟಿಸ್ ಮತ್ತು ಥಿನೊಬಾಡಿಸ್ಟಿಸ್ ಎಂಬ ಈ ಕುಲಗಳು ಫ್ಲಾರಿಡಾದ ಮೆಕ್‌ಗೀ ಫಾರ್ಮ್ ಮತ್ತು ಮಿಕ್ಸನ್ ಮೂಳೆಪದರಗಳಿಂದ ಚೆನ್ನಾಗಿ ತಿಳಿದಿವೆ. ಉತ್ತರ ಅಮೆರಿಕದ ಪದರವೊಂದರಲ್ಲಿ ಇವುಗಳಲ್ಲಿ ಒಂದು ಸಿಕ್ಕಿದರೆ ಆ ಪದರ ಹೆಂಫಿಲಿಯನ್ ಎಂದು ಕರೆಯುವ ಸಸ್ತನಿ ಯುಗಕ್ಕೆ ಸೇರುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಆಮೇಲಿನ ಕಥೆ ಇನ್ನೂ ಉಪಯುಕ್ತ. ಪ್ಲಿಯೊಮೆಟನ್ಯಾಸ್ಟಿಸ್‌ಗೆ ಹತ್ತಿರದ ಪೂರ್ವಜರಿಂದ ಮೆಗಲೋನಿಕ್ಸ್ ಉತ್ತರ ಅಮೆರಿಕದಲ್ಲೇ ಬೆಳೆಯಿತು. ಹೆಂಫಿಲಿಯನ್‌ನ ನಂತರ ಬಂದ ಬ್ಲಾಂಕನ್ ಎಂಬ ಸಸ್ತನಿ ಯುಗದ ಮೆಗಲೋನಿಕ್ಸ್ ಲೆಪ್ಟೊಸ್ಟೋಮಸ್, ಅದರ ನಂತರದ ಅರ್ವಿಂಗ್ಟೋನಿಯನ್ ಯುಗದ ಮೆಗಲೋನಿಕ್ಸ್ ವೀಟ್ಲಿಯಿ, ಕೊನೆಯ ಹಿಮಯುಗದ ಮೆಗಲೋನಿಕ್ಸ್ ಜೆಫರ್ಸೋನಿ ಹೀಗೆ ಒಂದರ ನಂತರ ಒಂದು ಬಂದವು, ಗಾತ್ರವೂ ಹೆಚ್ಚುತ್ತಾ ಹೋಯಿತು. ನೊಥ್ರೊಥೀರಿಯಾಪ್ಸ್‌ನಲ್ಲಿ ಟೆಕ್ಸಾನಸ್ ಮೊದಲಿನದು, ಶಾಸ್ಟೆನ್ಸಿಸ್ ನಂತರದ್ದು. ಎರೆಮೊಥೀರಿಯಂ ಎಂಬ ಭಾರಿ ನೆಲ ಸ್ಲಾತ್‌ನ ವಿಷಯದಲ್ಲಿ ಕೈಯೇ ಕಾಲವನ್ನು ಹೇಳುತ್ತದೆ. ಫ್ಲಾರಿಡಾದ ಹೈಲ್ 7ಸಿ ಎಂಬಲ್ಲಿ ಸಿಕ್ಕ ಹಳೆಯ ಪ್ರಭೇದ ಇಯೋಮೈಗ್ರಾನ್ಸ್‌ನ ಕೈಯಲ್ಲಿ ಐದು ಬೆರಳುಗಳಿದ್ದವು, ನಂತರದ ಲೌರಿಲಾರ್ಡಿಯಲ್ಲಿ ಅವು ಮೂರಕ್ಕೆ ಇಳಿದವು.

ಆರನೆಯ ಹೆಜ್ಜೆ: ಜೊತೆಗಾರರನ್ನು ಕೇಳಿ

ಒಂದೇ ಪ್ರಾಣಿಯ ಕಾಲಾವಧಿಗಿಂತ ಎರಡು ಮೂರು ಪ್ರಾಣಿಗಳ ಅವಧಿಗಳು ಒಂದರ ಮೇಲೊಂದು ಬೀಳುವ ಭಾಗ ಯಾವಾಗಲೂ ಕಿರಿದು. ಫ್ಲಾರಿಡಾದ ಒಂದು ಕುಸಿಗುಂಡಿಯ ಜೇಡಿಮಣ್ಣಿನಲ್ಲಿ ಐದು ಬೆರಳಿನ ಎರೆಮೊಥೀರಿಯಂ ಕೈ ಮತ್ತು ಮೆಗಲೋನಿಕ್ಸ್ ಲೆಪ್ಟೊಸ್ಟೋಮಸ್‌ನ ದವಡೆ ಒಟ್ಟಿಗೆ ಸಿಕ್ಕವು ಎಂದು ಉದಾಹರಣೆಗೆ ಭಾವಿಸೋಣ. ಮೊದಲನೆಯದು ಬ್ಲಾಂಕನ್‌ನ ಕೊನೆಯ ಭಾಗಕ್ಕಿಂತ ಹಿಂದೆ ಹೋಗಲು ಬಿಡುವುದಿಲ್ಲ, ಎರಡನೆಯದು ಬ್ಲಾಂಕನ್‌ನಿಂದ ಹೆಚ್ಚು ಮುಂದೆ ಬರಲು ಬಿಡುವುದಿಲ್ಲ. ಹಾಗಾಗಿ ಆ ಜೇಡಿಮಣ್ಣು ಬ್ಲಾಂಕನ್‌ನ ಕೊನೆಯ ಭಾಗದ್ದು, ಅಂದರೆ ಇಪ್ಪತ್ತು ಲಕ್ಷ ವರ್ಷಗಳ ಆಸುಪಾಸಿನದು. ಎರಡೂ ಪ್ರಾಣಿಗಳನ್ನು ಬೇರೆಬೇರೆಯಾಗಿ ನೋಡಿದ್ದರೆ ಇಷ್ಟು ಹತ್ತಿರಕ್ಕೆ ಬರಲಾಗುತ್ತಿರಲಿಲ್ಲ.

ಅರ್ಜೆಂಟೀನಾದ ಪಂಪಾ ಬಯಲಿನಲ್ಲಿ ಈ ವಿಧಾನ ವ್ಯವಸ್ಥಿತ ರೂಪ ಪಡೆದಿದೆ. ಆಲ್ಬೆರ್ತೊ ಸಿಯೊನೆ ಮತ್ತು ಎದ್ವಾರ್ದೊ ತೊನ್ನಿ ಅವರು ಬ್ಯೂನಸ್ ಐರಿಸ್ ಪ್ರಾಂತ್ಯದ ಗಾಳಿಮಣ್ಣಿನ ಪದರಗಳನ್ನು ಜೀವವಲಯಗಳಾಗಿ, ಅಂದರೆ ಪಳೆಯುಳಿಕೆಗಳಿಂದ ಗುರುತಿಸುವ ಭಾಗಗಳಾಗಿ, ವಿಂಗಡಿಸಿದಾಗ ಬೋನೇರಿಯನ್ ಹಂತದ ಜೀವವಲಯಕ್ಕೆ ಮೆಗಾಥೀರಿಯಂ ಅಮೆರಿಕಾನಮ್‌ನ ಹೆಸರನ್ನೇ ಇಟ್ಟರು. ಅದರ ಮೇಲಿನ ಲುಹಾನಿಯನ್ ಹಂತದ ವಲಯಕ್ಕೆ ಹೆಸರು ಕೊಟ್ಟಿದ್ದು ಅಳಿದುಹೋದ ಒಂದು ದಕ್ಷಿಣ ಅಮೆರಿಕದ ಕುದುರೆ. ಮೆಗಾಥೀರಿಯಂ ಬೋನೇರಿಯನ್‌ನಲ್ಲಿ ಮಾತ್ರ ಇತ್ತೆಂದು ಇದನ್ನು ಅರ್ಥ ಮಾಡಿಕೊಳ್ಳಬಾರದು. ಲುಹಾನಿಯನ್‌ನ ಕೊನೆಯವರೆಗೂ ಅದು ಬದುಕಿತ್ತು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ವಲಯದ ಹೆಸರಿನಲ್ಲಿರುವ ಪ್ರಾಣಿ ಸಿಕ್ಕ ಮಾತ್ರಕ್ಕೆ ಪದರ ಆ ವಲಯಕ್ಕೆ ಸೇರುವುದಿಲ್ಲ, ಕುದುರೆ ಸೇರಿದಂತೆ ಉಳಿದ ಜೊತೆಗಾರರನ್ನು ನೋಡಿಯೇ ನಿರ್ಧರಿಸಬೇಕು. ಕುದುರೆ ಸಿಗಲಿಲ್ಲವೆಂಬುದೂ ತಾನಾಗಿ ಪುರಾವೆಯಲ್ಲ, ಅಗೆದ ಜಾಗ ಚಿಕ್ಕದಾಗಿದ್ದಿರಬಹುದು.

ಪೆರುವಿನ ಒಂದು ವಿಶೇಷ ಪ್ರಕರಣ

ಪೆರುವಿನ ದಕ್ಷಿಣ ಕರಾವಳಿಯ ಪಿಸ್ಕೊ ಶಿಲಾಸಮೂಹದಲ್ಲಿ ಥಾಲಸಾಕ್ನಸ್ ಎಂಬ ಸ್ಲಾತ್ ಸಿಗುತ್ತದೆ. 1995ರಲ್ಲಿ ಕ್ರಿಶ್ಚಿಯನ್ ದ ಮ್ಯೂಜೋನ್ ಮತ್ತು ಗ್ರೆಗರಿ ಮೆಕ್‌ಡೊನಾಲ್ಡ್ ಅವರು ಇದನ್ನು ಮೊದಲು ವಿವರಿಸಿದಾಗ ಓದಿದವರಿಗೆಲ್ಲ ಬೆರಗಾಯಿತು, ಏಕೆಂದರೆ ಅದು ಕಡಲಿಗಿಳಿದು ಸಮುದ್ರಸಸ್ಯಗಳನ್ನು ಮೇಯುತ್ತಿದ್ದ ಸ್ಲಾತ್. ಆಂಟಿಕ್ವಸ್, ನಟಾನ್ಸ್, ಲಿಟೊರಾಲಿಸ್, ಕರೋಲೊಮಾರ್ಟಿನಿ, ಯೌಸೆನ್ಸಿಸ್ ಎಂಬ ಐದು ಪ್ರಭೇದಗಳು ಹಳೆಯ ಪದರದಿಂದ ಹೊಸ ಪದರದ ಕಡೆಗೆ ಈ ಕ್ರಮದಲ್ಲೇ ಬರುತ್ತವೆ. ಮೇಲೆ ಹೋದಂತೆ ಮೂತಿ ಉದ್ದವಾಗುತ್ತದೆ, ನೀರಿನಲ್ಲಿ ಮುಳುಗಿ ನಿಲ್ಲಲು ಅನುಕೂಲವಾಗುವಂತೆ ಮೂಳೆಗಳು ಒಳಗೆ ತುಂಬಿ ದಟ್ಟವಾಗುತ್ತವೆ. ಒಂದೇ ವಂಶ ಒಂದೇ ಜಾಗದಲ್ಲಿ ಪದರದಿಂದ ಪದರಕ್ಕೆ ಬದಲಾಗುವುದನ್ನು ಇಷ್ಟು ಸ್ಪಷ್ಟವಾಗಿ ನೋಡಲು ಸಿಗುವುದು ನೆಲದ ಸಸ್ತನಿಗಳಲ್ಲಿ ಅಪರೂಪ. ಚಿಲಿಯ ಬಾಯಿಯಾ ಇಂಗ್ಲೆಸಾ ಶಿಲಾಸಮೂಹದಲ್ಲೂ ಥಾಲಸಾಕ್ನಸ್ ಸಿಕ್ಕಿರುವುದರಿಂದ ಎರಡು ದೇಶಗಳ ಕರಾವಳಿ ಪದರಗಳನ್ನು ಹೋಲಿಸಲು ಅದು ಒಂದು ಕೊಂಡಿಯಾಗಿದೆ.

ಆದರೆ ಈ ಸುಂದರ ಸರಣಿಯಲ್ಲೂ ಒಂದು ಅಪಾಯ ಅಡಗಿದೆ. ಅರೆಬರೆ ಮೂಳೆಯೊಂದು ಸಿಕ್ಕಾಗ, ಇಂಥ ಪದರದ್ದಾದ್ದರಿಂದ ಇದು ಇಂಥ ಪ್ರಭೇದವೇ ಎಂದು ಗುರುತಿಸಿ, ಆಮೇಲೆ ಇಂಥ ಪ್ರಭೇದವಾದ್ದರಿಂದ ಪದರ ಇಂಥ ವಯಸ್ಸಿನದು ಎಂದು ಬರೆದರೆ ನಾವು ನಿಂತಲ್ಲೇ ಸುತ್ತಿದಂತಾಗುತ್ತದೆ. ಗುರುತಿಸುವಿಕೆ ಮೂಳೆಯ ಆಕಾರದಿಂದ ಮಾತ್ರ ಬರಬೇಕು. ವಯಸ್ಸಿನ ಪರೀಕ್ಷೆ ಸ್ಲಾತ್‌ಗೆ ಸಂಬಂಧವಿಲ್ಲದ ಬೇರೊಂದು ದಾರಿಯಿಂದ ಬರಬೇಕು. ಪಿಸ್ಕೊದಲ್ಲಿ ಬೂದಿಯ ಜಿರ್ಕಾನ್ ಹರಳುಗಳನ್ನೂ ಚಿಪ್ಪುಗಳ ಸ್ಟ್ರಾನ್ಷಿಯಂ ಐಸೊಟೋಪುಗಳನ್ನೂ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿನ ಕೆಲವು ಪದರಗಳು ಮೊದಲು ಎಣಿಸಿದ್ದಕ್ಕಿಂತ ಹಳೆಯವು ಎಂದು ತೋರಿಸಿತು. ಪ್ರಭೇದಗಳ ಕ್ರಮ ಬದಲಾಗಲಿಲ್ಲ, ಅವುಗಳ ಎದುರಿನ ಸಂಖ್ಯೆಗಳು ಬದಲಾದವು.

ಏಳನೆಯ ಹೆಜ್ಜೆ: ವರ್ಷಗಳ ಲೆಕ್ಕಕ್ಕೆ ಕಟ್ಟಿಹಾಕಿ

ಮೂಳೆಯ ಮೇಲೆ ಅಥವಾ ಕೆಳಗೆ ಜ್ವಾಲಾಮುಖಿ ಬೂದಿ ಇದ್ದರೆ ಆರ್ಗಾನ್ ಅಥವಾ ಯುರೇನಿಯಂ-ಸೀಸ ವಿಧಾನದಿಂದ ಅದರ ವಯಸ್ಸನ್ನು ಅಳೆಯಬಹುದು. ಬೂದಿ ಇಲ್ಲದ ಕಡೆ ಕಾಂತೀಯ ದಿಕ್ಕು ನೆರವಾಗುತ್ತದೆ. ಭೂಮಿಯ ಕಾಂತಕ್ಷೇತ್ರ ಕೊನೆಯ ಬಾರಿ ತಿರುಗಿ ಇಂದಿನ ದಿಕ್ಕಿಗೆ ಬಂದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಪಂಪಾ ಬಯಲಿನಲ್ಲಿ ಈ ತಿರುವು ಎನ್ಸೆನಾಡನ್ ಹಂತದ ಪದರಗಳ ಒಳಗೆ ಬೀಳುತ್ತದೆ, ಬೋನೇರಿಯನ್ ಪದರಗಳು ಅದಕ್ಕಿಂತ ಮೇಲಿವೆ. ಆದ್ದರಿಂದ ಬೋನೇರಿಯನ್ ಎಂದು ಗುರುತಿಸಿದ ಮಣ್ಣಿನಲ್ಲಿ ಹಿಮ್ಮುಖ ಕಾಂತೀಯತೆ ಸಿಕ್ಕಿದರೆ, ಗುರುತಿಸುವಿಕೆಯಲ್ಲೋ ಅಳತೆಯಲ್ಲೋ ತಪ್ಪಾಗಿದೆ ಎಂದು ತಿಳಿದು ಹಿಂದಿನ ಹೆಜ್ಜೆಗಳಿಗೆ ಮರಳಬೇಕು.

ಸುಮಾರು 50,000 ವರ್ಷಗಳ ಒಳಗಿನ ಮೂಳೆಗೆ ರೇಡಿಯೋ ಕಾರ್ಬನ್ ವಿಧಾನ ಒದಗುತ್ತದೆ, ಆದರೆ ಮೂಳೆಯಲ್ಲಿ ಉಳಿದಿರುವ ಕೊಲಾಜನ್ ಎಂಬ ಪ್ರೋಟೀನ್ ಎಷ್ಟು ಶುದ್ಧವಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅರ್ಜೆಂಟೀನಾದ ಕಾಂಪೊ ಲಾಬೊರ್ದೆಯಲ್ಲಿ ಮನುಷ್ಯರು ಕೊಂದು ಕತ್ತರಿಸಿದ ಮೆಗಾಥೀರಿಯಂ ಒಂದರ ಮೂಳೆಗಳನ್ನು ಮೊದಲು ಅಳೆದಾಗ ಅದು ಹಿಮಯುಗ ಮುಗಿದು ಸಾವಿರಾರು ವರ್ಷಗಳ ನಂತರವೂ ಬದುಕಿತ್ತು ಎಂಬಂತೆ ಕಂಡಿತ್ತು. ಮಣ್ಣಿನಿಂದ ಸೇರಿದ ಹೊಸ ಇಂಗಾಲವನ್ನು ರಾಳದ ಸೋಸುವಿಕೆಯಿಂದ ತೆಗೆದು ಅಳೆದಾಗ, 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಯಸ್ಸು ಸುಮಾರು 12,600 ವರ್ಷಗಳಿಗೆ ಹೋಯಿತು. ಬೇರೆಲ್ಲ ಸಾಕ್ಷಿಗಳಿಗಿಂತ ತುಂಬ ಹೊಸದಾದ ಸಂಖ್ಯೆ ಬಂದರೆ ಮೊದಲು ಮಾದರಿಯ ಶುದ್ಧತೆಯನ್ನು ಪ್ರಶ್ನಿಸಬೇಕು.

ಹಾಗೆಂದು ಹೊಸ ಸಂಖ್ಯೆಗಳೆಲ್ಲ ತಪ್ಪೆಂದೂ ಅಲ್ಲ. ಕ್ಯೂಬಾ ಮತ್ತು ಹಿಸ್ಪಾನಿಯೋಲಾ ದ್ವೀಪಗಳ ಸ್ಲಾತ್‌ಗಳು, ಖಂಡದ ಸ್ಲಾತ್‌ಗಳು ಅಳಿದ ಮೇಲೂ ಸಾವಿರಾರು ವರ್ಷ ಉಳಿದು, ಸುಮಾರು 5,000 ವರ್ಷಗಳ ಹಿಂದಿನವರೆಗೂ ಬದುಕಿದ್ದವು. ಕ್ಯೂಬಾದ ಗುಹೆಯೊಂದರಲ್ಲಿ ಸ್ಲಾತ್ ಸಿಕ್ಕಿತೆಂದು ಆ ಪದರವನ್ನು ಹಿಮಯುಗಕ್ಕೆ ತಳ್ಳುವಂತಿಲ್ಲ. ಕೊನೆಯದಾಗಿ ಕಾಣಿಸಿಕೊಂಡ ಕಾಲ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ.

ಎಂಟನೆಯ ಹೆಜ್ಜೆ: ತೀರ್ಮಾನವನ್ನು ಬರೆಯುವ ಕ್ರಮ

ವರದಿಯಲ್ಲಿ ಪದರದ ಹೆಸರು, ಮೂಳೆಯ ಸ್ಥಾನ, ಅದು ಅಲ್ಲಿನದೇ ಎಂದು ನಂಬಲು ಇರುವ ಕಾರಣ, ಗುರುತಿಸಿದ ಲಕ್ಷಣ, ಜೊತೆಗಾರರು ಮತ್ತು ಸ್ವತಂತ್ರ ಅಳತೆ ಇವೆಲ್ಲ ಪ್ರತ್ಯೇಕವಾಗಿ ಕಾಣಬೇಕು. ಮುಂದೆ ಯಾರಾದರೂ ಒಂದು ಕೊಂಡಿಯನ್ನು ತಿದ್ದಿದರೆ ಉಳಿದವು ಕೆಡದಂತಿರಬೇಕು. ವಯಸ್ಸನ್ನು ಎರಡು ಎಲ್ಲೆಗಳ ನಡುವಿನ ಅವಧಿಯಾಗಿಯೇ ಬರೆಯಬೇಕು, ನಡುವಿನ ಸಂಖ್ಯೆಯೊಂದನ್ನು ಆರಿಸಿ ಅದನ್ನೇ ವಯಸ್ಸೆಂದು ಮುದ್ರಿಸಬಾರದು.

ಮಾದರಿಯ ಒಂದು ಭಾಗವನ್ನು ಪದರದ ಗುರುತಿನ ಚೀಟಿಯ ಸಮೇತ ಕಾಪಾಡಿ ಇಡಬೇಕು, ಸಾಧ್ಯವಾದರೆ ಸ್ಥಳದಲ್ಲೂ ಅಗೆಯದ ಒಂದು ಕಂಬವನ್ನು ಹಾಗೆಯೇ ಬಿಡಬೇಕು. ಅರಿಜೋನಾದ ರಾಂಪಾರ್ಟ್ ಗುಹೆಯಲ್ಲಿ ಶಾಸ್ಟಾ ಸ್ಲಾತ್‌ನ (ನೊಥ್ರೊಥೀರಿಯಾಪ್ಸ್ ಶಾಸ್ಟೆನ್ಸಿಸ್) ಲದ್ದಿ ಸಾವಿರಾರು ವರ್ಷಗಳ ಅವಧಿಯಲ್ಲಿ ಪದರ ಪದರವಾಗಿ ಒಣಗಿ ಉಳಿದಿತ್ತು. ಆ ಪ್ರಾಣಿ ಏನು ತಿನ್ನುತ್ತಿತ್ತು, ಯಾವಾಗ ಅಳಿಯಿತು ಎಂಬುದಕ್ಕೆ ಅದಕ್ಕಿಂತ ನೇರವಾದ ದಾಖಲೆ ಬೇರೆಡೆ ವಿರಳ. 1976ರಲ್ಲಿ ಅದಕ್ಕೆ ಬೆಂಕಿ ಹತ್ತಿ, ತಿಂಗಳುಗಟ್ಟಲೆ ಒಳಗೊಳಗೇ ಹೊಗೆಯಾಡಿ, ಹೆಚ್ಚಿನ ಭಾಗ ಬೂದಿಯಾಯಿತು. ಇತ್ತ ನೆವಾಡಾದ ಜಿಪ್ಸಮ್ ಗುಹೆಯ ಸುಮಾರು 20,000 ವರ್ಷ ಹಳೆಯ ಲದ್ದಿಯ ಒಂದು ಉಂಡೆಯಿಂದ 1998ರಲ್ಲಿ ಆ ಸ್ಲಾತ್‌ನ ಹಾಗೂ ಅದು ತಿಂದ ಗಿಡಗಳ ಡಿಎನ್‌ಎ ಪಡೆಯಲು ಸಾಧ್ಯವಾಯಿತು. 1930ರ ದಶಕದ ಆರಂಭದಲ್ಲಿ ಆ ಗುಹೆಯನ್ನು ಅಗೆದವರ ಕಾಲದಲ್ಲಿ ಅಂಥದೊಂದು ಪರೀಕ್ಷೆಯ ಕಲ್ಪನೆಯೂ ಇರಲಿಲ್ಲ.